ಕಬ್ಬಿನ ಹಂಗಾಮು: ಭಾರ ಟ್ರಾಲಿಯದು, ಪೆಟ್ಟು ಕಾರಿನ ಗಾಲಿಗೆ

ಅಕ್ಕಲಕೋಟ: ಚಳಿಗಾಲ ಬಂತೆಂದರೆ ಅಕ್ಕಲಕೋಟ, ಜತ್ತ ಭಾಗದ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಹಿಂದೆಯೇ ಗಡಿಯಾಚೆಯ ಅಫಜಲಪುರ, ವಿಜಯಪುರಕ್ಕೆ ಹೊರಟ ಕಾರು, ಜೀಪುಗಳು. ಟ್ರಾಲಿ ಮಾಡಿದ ತಗ್ಗಿಗೆ ಬೀಳುವುದು ಇವುಗಳ ಗಾಲಿ.

ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಎರಿ ಭೂಮಿ ಚಳಿಗಾಲಕ್ಕೆ ಒಣಗಿ ಬಿರಿಯುತ್ತದೆ, ಡಾಂಬರಿನ ಅಂಚಿಗೆ ಆಸರೆ ತಪ್ಪುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕಾರ್ಖಾನೆಗಳು ಶುರುವಾಗುತ್ತವೆ. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವುದು ಸೊಲ್ಲಾಪುರ ಜಿಲ್ಲೆಯಲ್ಲೇ.

ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯ ಲೆಕ್ಕವನ್ನು ಎಂಜಿನಿಯರರು ಇಂದಿಗೂ ಬಳಸುತ್ತಾರೆ. ಗಾಲಿಯ ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಹಾನಿ ಸುಮಾರು 16 ಪಟ್ಟು, ಬರೀ ಶೇ. 20 ಹೆಚ್ಚಾದರೂ ಎರಡು ಪಟ್ಟು. ರಸ್ತೆ ಕೆಡಿಸಿದ್ದು ಕಾರಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾರಿನವರು ಮಾಡಬಹುದಾದ್ದೂ ಇದೆ. ಹವೆ 5-6 ಡಿಗ್ರಿ ತಂಪಾದರೆ ಟೈರಿನ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಆದ್ದರಿಂದ ಬೆಳಿಗ್ಗೆ, ಗಾಡಿ ಓಡಿಸುವ ಮೊದಲೇ ಗಾಳಿ ನೋಡಬೇಕು. ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟೇ ಇರಲಿ. ಗಾಳಿ ಕಡಿಮೆಯಿದ್ದರೆ ತಗ್ಗಿನಲ್ಲಿ ಟೈರು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಒಳಗಿನ ನೂಲು ಹರಿಯುತ್ತದೆ, ಬದಿಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ರಿಪೇರಿ ಇಲ್ಲ, ಬದಲಿಸಲೇಬೇಕು. ಬ್ರೇಕನ್ನು ತಗ್ಗಿಗೆ ಮೊದಲೇ ಒತ್ತಿ, ಗಾಲಿ ಇಳಿಯುವಾಗ ಬಿಡಬೇಕು. ಒತ್ತಿಯೇ ಇಳಿದರೆ ಮುಂದಿನ ಗಾಲಿಗೆ ಪೆಟ್ಟು ಜಾಸ್ತಿ. ಬಾಗಿದ ಉಕ್ಕಿನ ರಿಮ್ಮನ್ನು ಬಡಿದು ನೆಟ್ಟಗೆ ಮಾಡಬಹುದು. ಅಲಾಯ್ ರಿಮ್ ಸೀಳುವುದೇ ಹೆಚ್ಚು. ಹಳ್ಳಿ ರಸ್ತೆಗೆ ಉಕ್ಕಿನದೇ ಲೇಸು, ಚಂದ ಕಡಿಮೆಯಾದರೂ ಸರಿ.

ಆದರೆ ಇದಿಷ್ಟೂ ಗಾಲಿಯ ಮಾತು. ರಸ್ತೆಯ ಮಾತು ಎತ್ತಿದರೆ ಊರಿನಲ್ಲಿ ಗಂಟಲು ಕಟ್ಟುತ್ತದೆ, ಯಾಕೆಂದರೆ ಕಾರಿನವನೇ ಕಬ್ಬಿನವನು. ಕಡಿದ ಕಬ್ಬು ತಡವಾದರೆ ತೂಕ ಕಳೆದುಕೊಳ್ಳುತ್ತದೆ. ಕಡಿತ, ಸಾಗಣೆಯ ಖರ್ಚು ಮಹಾರಾಷ್ಟ್ರದಲ್ಲಿ ರೈತನ ಬಿಲ್ಲಿನಿಂದಲೇ ಕಡಿತ. ಭಾರ ಇಳಿಸಿ ಖೇಪು ಹೆಚ್ಚಿಸಿದರೆ ಹೊರೆ ಬೀಳುವುದು ಅವನಿಗೇ ಎಂಬ ಭಯ ಸುಳ್ಳಲ್ಲ.

2019ರ ತಿದ್ದುಪಡಿಯಂತೆ ಹೆಚ್ಚುವರಿ ಭಾರಕ್ಕೆ ₹20,000 ದಂಡ, ಮೇಲೆ ಪ್ರತಿ ಟನ್ನಿಗೆ ₹2,000. ಈ ದಂಡ ಟ್ರ್ಯಾಕ್ಟರಿನವನ ತಲೆಗೆ ಬಂದು ನಿಂತರೆ ನ್ಯಾಯವಲ್ಲ. ರೈತನಿಗೆ ದುಡ್ಡು ಕೊಡಲೆಂದೇ ಕಾರ್ಖಾನೆಯ ಬಾಗಿಲಲ್ಲಿ ಪ್ರತಿಯೊಂದು ಟ್ರಾಲಿಯೂ ತೂಗುತ್ತದೆ. ಎಷ್ಟು ಭಾರ ಯಾವ ದಿನ ಬಂತೆಂಬ ಚೀಟಿ ಅಲ್ಲೇ ಇದೆ. ಆ ಲೆಕ್ಕ ಹಿಡಿದು ರಸ್ತೆ ದುರಸ್ತಿಯಲ್ಲಿ ಕಾರ್ಖಾನೆಯ ಪಾಲು ಗೊತ್ತುಮಾಡುವುದು ಜಿಲ್ಲಾಡಳಿತಕ್ಕೆ ಕಷ್ಟದ ಕೆಲಸವೇನಲ್ಲ. ತಗ್ಗು ಮುಚ್ಚಿ, ಅಂಚಿಗೆ ಮುರುಮು ಹಾಕುವ ಕೆಲಸ ಮಾತ್ರ ಮಳೆ ನಿಂತ ಕೂಡಲೇ, ಮೊದಲ ಟ್ರಾಲಿ ರಸ್ತೆಗೆ ಇಳಿಯುವ ಮುನ್ನ ಮುಗಿಯಬೇಕು.