ಗಾಲಿಯಿಲ್ಲದ ತೇರು ಮತ್ತು ನಮ್ಮ ಫುಟ್‌ಬಾಲ್

“ಕರ್ನಾಟಕದಲ್ಲಿ ಫುಟ್‌ಬಾಲ್ ಅಂತ ಶುರುವಾಗಿದ್ದೇ ಬಿಎಫ್‌ಸಿ ಬಂದ್ಮೇಲೆ, ಬಿಡು ಗುರು.”

ಈ ಡೈಲಾಗನ್ನು ನಾನು ಕೇಳಿದ್ದು ಒಂದೆರಡು ಸಲ ಅಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ, ಕಂಠೀರವದ ಗ್ಯಾಲರಿಯಲ್ಲಿ, ಊರಿಗೆ ಹೋಗುವಾಗ ಹಂಪಿ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿಯಲ್ಲಿ... ಹೇಳುವವರೆಲ್ಲ ಒಳ್ಳೆ ಹುಡುಗರೇ. ಛೆಟ್ರಿ ಹೆಸರಿನ ನೀಲಿ ಜರ್ಸಿ ಹಾಕಿಕೊಂಡು ಗಂಟಲು ಹರಿಯುವ ಹಾಗೆ ಕೂಗುವವರು. ನಾನೂ ಅವರ ಜೊತೆ ನಿಂತು ಕೂಗಿದವನೇ. ಆದರೂ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತೆ. ಅದಕ್ಕೇ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಚಹಾ ಹಿಡ್ಕೊಂಡು ಕೂತ್ಕೊಳ್ಳಿ :)

ಮೊದಲು ಹಳೇ ಲೆಕ್ಕ ಚುಕ್ತಾ ಮಾಡೋಣ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಅದಕ್ಕೆ 76 ವರ್ಷ ಮೊದಲು, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಅನ್ನುವ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು. 1891ರಲ್ಲಿ ಶುರುವಾದ ಆ ಕಪ್ಪನ್ನು ಅಲ್ಲಿಯವರೆಗೆ ಬ್ರಿಟಿಷ್ ಪಲ್ಟನ್ನಿನ ತಂಡಗಳೇ ಹಂಚಿಕೊಳ್ಳುತ್ತಿದ್ದವು. ಅವರ ಕೈಯಿಂದ ಅದನ್ನು ಕಿತ್ತುಕೊಂಡ ಮೊದಲ ಭಾರತೀಯ ತಂಡ ನಮ್ಮ ನಾಡಿನದ್ದು. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಮೂರನೇ ಸಲ.

ಅದೇ 1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. 2-1ರಿಂದ ಸೋತೆವು, ನಿಜ. ಆದರೆ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಆವತ್ತು ಬಿತ್ತು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್, ಧನರಾಜ್, ವಜ್ರವೇಲು ಕೂಡ ಬೆಂಗಳೂರಿನವರೇ. ಕಲ್ಕತ್ತೆಯವರು ಇವತ್ತಿಗೂ ಈಸ್ಟ್ ಬೆಂಗಾಲಿನ ‘ಪಂಚಪಾಂಡವರು’ ಅಂತ ನೆನೆಸುತ್ತಾರಲ್ಲ, ಆ ಐವರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಇದ್ದಾರೆ. ನಮ್ಮ ಹುಡುಗರಿಗೆ ಈ ಹೆಸರುಗಳೇ ಗೊತ್ತಿಲ್ಲ!

ಇನ್ನು ರಾಜ್ಯ ತಂಡಗಳ ಸಂತೋಷ್ ಟ್ರೋಫಿ. ಮೈಸೂರು ಅನ್ನುವ ಹೆಸರಿನಲ್ಲಿ ನಾವು ಅದನ್ನು ನಾಲ್ಕು ಸಲ ಗೆದ್ದಿದ್ದೇವೆ: 1946-47, 1952-53, 1967-68, 1968-69. ಆಮೇಲೆ? ಆಮೇಲೆ ಏನಿಲ್ಲ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸುವವರೆಗೆ ಸರಿಯಾಗಿ 54 ವರ್ಷ ಖಾಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ಮೇಲೆ ಅದು ಮೊದಲ ಟ್ರೋಫಿ.

ಅಭಿಮಾನದ ಪಟ್ಟಿ ಇಲ್ಲಿಗೆ ಸಾಕು. ಈಗ ಜಗಳಕ್ಕೆ ಬರೋಣ.

ಮೇಲಿನ ಪಟ್ಟಿಯನ್ನು ಇನ್ನೊಂದು ಸಲ ಓದಿ. ಬೆಂಗಳೂರು, ಬೆಂಗಳೂರು, ಬೆಂಗಳೂರು. ನಾನು ಸಿರುಗುಪ್ಪದವನು. ಮೈಸೂರಿನವರು ಮೊದಲೆರಡು ಸಂತೋಷ್ ಟ್ರೋಫಿ ಎತ್ತಿದಾಗ ನಮ್ಮ ಜಿಲ್ಲೆ ಮೈಸೂರಿನಲ್ಲೇ ಇರಲಿಲ್ಲ, ಮದರಾಸಿನಲ್ಲಿತ್ತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಈ ಕಡೆ ಬಂತು. ರಾಜ್ಯ ಬದಲಾಯಿತು, ಫುಟ್‌ಬಾಲ್ ನಕಾಶೆ ಬದಲಾಗಲಿಲ್ಲ. ರಾಜ್ಯದ ಅತಿ ಮೇಲಿನ ಲೀಗಿಗೆ ವರ್ಷಾನುಗಟ್ಟಲೆ ಇದ್ದ ಹೆಸರು ಏನು ಗೊತ್ತಾ? ‘ಬೆಂಗಳೂರು ಸೂಪರ್ ಡಿವಿಷನ್’. ಒಂದು ನಗರದ ಲೀಗೇ ಇಡೀ ರಾಜ್ಯದ ಲೀಗು. ಉಳಿದವರು ಟಿವಿ ನೋಡಿ.

“ಬೆಂಗಳೂರಲ್ಲಿ ದಂಡು ಇತ್ತು, ಇಂಗ್ಲಿಷರು ಆಡ್ತಿದ್ರು, ಅದಕ್ಕೆ ಬೆಳೀತು” ಅಂತ ವಾದ ಮಾಡುತ್ತಾರೆ. ಸ್ವಾಮಿ, ದಂಡು ಬಳ್ಳಾರಿಯಲ್ಲೂ ಇತ್ತು. ಕೌಲ್ ಬಜಾರಿನಲ್ಲಿ ನಿಂತು ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ಮಿಷನರಿಗಳ ವಾರ್ಡ್ಲಾ ಶಾಲೆ ಇತ್ತು, ಮುನ್ಸಿಪಲ್ ಕಾಲೇಜು ಮೈದಾನ ಇತ್ತು. ಹಾಗಾದರೆ ವ್ಯತ್ಯಾಸ ಎಲ್ಲಿ?

ಬೆಂಗಳೂರಿನಲ್ಲಿ ಸೋಲ್ಜರುಗಳು ಹೋದ ಮೇಲೂ ಆಟ ಉಳಿಯಿತು. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್‌ಗಳ ಬೀದಿಬೀದಿಯ ಹುಡುಗರು ತಂಡ ಕಟ್ಟಿಕೊಂಡರು. ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಇಟ್ಟುಕೊಂಡವು. ಎಲ್ಲಕ್ಕಿಂತ ಮುಖ್ಯವಾಗಿ ಈ ತಂಡಗಳು ಏರಿ ಇಳಿಯಲು ಒಂದು ಏಣಿ ಇತ್ತು: ಸಿ ಡಿವಿಷನ್, ಬಿ ಡಿವಿಷನ್, ಎ ಡಿವಿಷನ್. ಗೆದ್ದರೆ ಮೇಲೆ, ಸೋತರೆ ಕೆಳಗೆ, ಹೇಗಿದ್ದರೂ ಮುಂದಿನ ವಾರ ಮತ್ತೆ ಮ್ಯಾಚು. ಅಂದರೆ ಲೀಗು. ನಮ್ಮ ಕಡೆ ಇಲ್ಲದ್ದು ಅದೊಂದೇ.

ನಾನು ಶಾಲೆಗೆ ಹೋಗುತ್ತಿದ್ದಾಗ ನಮ್ಮ ಕಡೆ ಇದ್ದದ್ದು ಟೂರ್ನಮೆಂಟು. ಶಾಮಿಯಾನ, ಮೈಕು, ಅತಿಥಿಗಳ ಭಾಷಣ, ನಾಕೌಟ್ ಡ್ರಾ. ಈಗ ಸ್ವಲ್ಪ ಲೆಕ್ಕ ಹಾಕಿ (ಇಂಜಿನಿಯರ್ ಬುದ್ಧಿ, ಕ್ಷಮಿಸಿ). 16 ತಂಡಗಳ ನಾಕೌಟ್ ಅಂದರೆ ಒಟ್ಟು 15 ಮ್ಯಾಚು. 8 ತಂಡಗಳು ಒಂದೇ ಮ್ಯಾಚು ಆಡಿ ಊರಿನ ಬಸ್ ಹತ್ತುತ್ತವೆ. ವರ್ಷವಿಡೀ ಕಾದಿದ್ದು ಆ ಒಂದೂವರೆ ಗಂಟೆಗೆ! ಅದೇ ಬರೀ 8 ತಂಡಗಳ ಲೀಗ್ ಮಾಡಿ, ಒಬ್ಬರ ಜೊತೆ ಒಬ್ಬರು ಎರಡೆರಡು ಸಲ ಆಡಲಿ. ಒಟ್ಟು 56 ಮ್ಯಾಚು. ಕೊನೆ ಸ್ಥಾನದ ತಂಡದ ಗೋಲ್‌ಕೀಪರಿಗೂ 14 ಮ್ಯಾಚು ಗ್ಯಾರಂಟಿ. ಒಬ್ಬ ಹುಡುಗ ವರ್ಷಕ್ಕೆ ಒಂದು ಮ್ಯಾಚು ಆಡಿ ಕಲಿಯುತ್ತಾನೋ, 14 ಆಡಿ ಕಲಿಯುತ್ತಾನೋ? ಇದಕ್ಕೆ ವಿದೇಶಿ ಕೋಚ್ ಬಂದು ಉತ್ತರ ಹೇಳಬೇಕಾ?

ಇದು ನಾನು ಕಂಡುಹಿಡಿದ ಸತ್ಯ ಏನಲ್ಲ. ಪ್ರಾಜೆಕ್ಟ್ ಕೆಲಸದ ಮೇಲೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಮೂರು ತಿಂಗಳು ಇದ್ದೆ. ಭಾನುವಾರ ಬಂದರೆ ಅಕ್ಕಪಕ್ಕದ ಹಳ್ಳಿಗಳಲ್ಲೆಲ್ಲ ಫುಟ್‌ಬಾಲು. ಇದು ಯಾವಾಗಿನಿಂದ ಅಂತ ಕೆದಕಿದರೆ ಕಥೆ ಸಿಕ್ಕಿದ್ದು ಅದೇ ಊರಿನಲ್ಲಿ.

1897ರ ಅಕ್ಟೋಬರ್‌ನಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಎಂಟೇ ಎಂಟು ಕ್ಲಬ್ಬುಗಳು ಸೇರಿ ದಕ್ಷಿಣ ಜರ್ಮನಿಯ ಫುಟ್‌ಬಾಲ್ ಸಂಘ ಕಟ್ಟಿದವು. ಮರುವರ್ಷವೇ, 1898ರಲ್ಲಿ, ದಕ್ಷಿಣ ಜರ್ಮನಿಯ ಮೊದಲ ಚಾಂಪಿಯನ್‌ಷಿಪ್. ಗೆದ್ದಿದ್ದು ಫ್ರೈಬುರ್ಗರ್ ಎಫ್‌ಸಿ. ಗಮನಿಸಿ, ಆಗ ಇಡೀ ದೇಶಕ್ಕೊಂದು ಫುಟ್‌ಬಾಲ್ ಸಂಘವೇ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 1900ರಲ್ಲಿ, ಲೈಪ್‌ಜಿಗ್‌ನಲ್ಲಿ. ರಾಷ್ಟ್ರೀಯ ಚಾಂಪಿಯನ್‌ಷಿಪ್ 1903ರಲ್ಲಿ. ಆಗಲೂ ಏನು ಪದ್ಧತಿ? ಮೊದಲು ನಿಮ್ಮ ಪ್ರಾಂತ್ಯದಲ್ಲಿ ಗೆಲ್ಲಿ, ಆಮೇಲೆ ದೇಶದ ಮಾತು.

ಫಲ ನೋಡಿ. 1907ರಲ್ಲಿ ಜರ್ಮನಿಯ ಚಾಂಪಿಯನ್ ಅದೇ ಫ್ರೈಬುರ್ಗರ್ ಎಫ್‌ಸಿ. 1909ರಲ್ಲಿ ಕಾರ್ಲ್ಸ್‌ರೂಹೆಯ ಫೀನಿಕ್ಸ್ ಕ್ಲಬ್ಬು, 1910ರಲ್ಲಿ ಅದೇ ಊರಿನ ಇನ್ನೊಂದು ಕ್ಲಬ್ಬು ಕೆಎಫ್‌ವಿ. ಇವತ್ತಿಗೂ ಆ ಊರಿನ ಜನಸಂಖ್ಯೆ ಮೂರು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲೇ ನಮ್ಮ ಬಳ್ಳಾರಿ ನಗರ ನಾಲ್ಕು ಲಕ್ಷ ದಾಟಿತ್ತು! ಊರು ಸಣ್ಣದು ಅನ್ನುವ ನೆಪ ಇಲ್ಲಿಗೆ ಬಂದ್.

ಇನ್ನೂ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ನಾಜಿಗಳು ಬಂದಾಗ 1933ರಲ್ಲಿ ಈ ಪ್ರಾಂತೀಯ ವ್ಯವಸ್ಥೆಯನ್ನು ಮುರಿದು ತಮ್ಮದೇ 16 ‘ಗೌಲೀಗಾ’ ಮಾಡಿದರು. ಆಮೇಲೆ ಯುದ್ಧ. ಊರೂರೇ ಕಲ್ಲುಮಣ್ಣಿನ ಗುಡ್ಡೆ. 1945ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ದಕ್ಷಿಣದ ಓಬರ್‌ಲೀಗಾ ಶುರುವಾಯಿತು! ಆರೇ ತಿಂಗಳು. ತಿನ್ನುವ ಬ್ರೆಡ್ಡಿಗೂ ಕೂಪನ್ ಇದ್ದ ಕಾಲದಲ್ಲಿ. ಸ್ಟೇಡಿಯಂ ಇಲ್ಲದಿದ್ದರೂ ಲೀಗ್ ನಡೆಸಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬುಂಡೆಸ್ಲೀಗಾ ಬಂದಿದ್ದು 1963ರಲ್ಲಿ, ಅಂದರೆ ದಕ್ಷಿಣದ ಮೊದಲ ಚಾಂಪಿಯನ್‌ಷಿಪ್ ನಡೆದು 65 ವರ್ಷ ಆದ ಮೇಲೆ. ಮೊದಲ ವರ್ಷದ 16 ತಂಡಗಳಲ್ಲಿ ಐದು ಆ ದಕ್ಷಿಣದ ಓಬರ್‌ಲೀಗಾದಿಂದಲೇ ಬಂದವು. (ಬಯರ್ನ್ ಮ್ಯೂನಿಕ್ ಅಭಿಮಾನಿಗಳೇ, ನಿಮ್ಮ ತಂಡಕ್ಕೆ ಆ ಹದಿನಾರರಲ್ಲಿ ಜಾಗ ಸಿಗಲಿಲ್ಲ ;) )

ನಮ್ಮ ಕುರುಗೋಡಿನ ದೊಡ್ಡಬಸವೇಶ್ವರನ ತೇರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಲಿ ಮೊದಲು, ಕಳಸ ಕೊನೆಗೆ. ಜರ್ಮನಿಯವರು ಗಾಲಿಯಿಂದ ಕಟ್ಟಿದರು. ಹಾಗಂತ ಇದು ಬಿಳಿಯರ ದೇಶದ ಜಾಣತನ ಅಂದುಕೊಳ್ಳಬೇಡಿ. ಕಲ್ಕತ್ತಾ ಲೀಗ್ ಶುರುವಾಗಿದ್ದೂ ಅದೇ 1898ರಲ್ಲಿ. ಬಂಗಾಳದವರಿಗೆ ಇವತ್ತಿಗೂ ಫುಟ್‌ಬಾಲ್ ಹುಚ್ಚು ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ನಾವು? ನಾವು ಕಳಸ ಮೊದಲು ತಂದೆವು. 2010ರಲ್ಲಿ ರಾಷ್ಟ್ರೀಯ ಒಕ್ಕೂಟ 15 ವರ್ಷಕ್ಕೆ ಒಂದು ಕಮರ್ಷಿಯಲ್ ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ಐಎಸ್‌ಎಲ್ ಬಂತು: ಪಟಾಕಿ, ಸಿನಿಮಾ ತಾರೆಯರು, ನಿವೃತ್ತಿಯ ಹೊಸ್ತಿಲಲ್ಲಿದ್ದ ವಿದೇಶಿ ಆಟಗಾರರು. 2025ರ ಜುಲೈನಲ್ಲಿ, ಒಪ್ಪಂದ ಮುಗಿಯುವ ಹೊತ್ತಿಗೆ ಮುಂದೇನು ಅನ್ನುವುದು ಇತ್ಯರ್ಥವಾಗದೆ, ಲೀಗನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ದೇಶದ ಅತಿ ದೊಡ್ಡ ಲೀಗು ಒಂದು ಕಾಗದದ ಮೇಲೆ ನಿಂತಿತ್ತು. ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಸರ್ವರ್, ಬ್ಯಾಕಪ್ ಇಲ್ಲ. ಯುದ್ಧ ಮುಗಿದ ಆರು ತಿಂಗಳಿಗೆ ಎದ್ದು ನಿಂತ ಲೀಗೆಲ್ಲಿ, ಸಹಿ ಬೀಳಲಿಲ್ಲ ಅಂತ ನಿಂತುಹೋದ ಲೀಗೆಲ್ಲಿ?

ಬಳ್ಳಾರಿ ಮಟ್ಟಿಗೆ ತಮಾಷೆ ಇನ್ನೂ ಕಹಿಯಾಗಿದೆ. ತೋರಣಗಲ್ಲಿನಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ಬಿಎಫ್‌ಸಿಯ ವಸತಿ ಅಕಾಡೆಮಿ ನಡೆದಿದ್ದೂ ಅಲ್ಲೇ. ದೇಶದ ಮೂಲೆಮೂಲೆಯಿಂದ ಮಕ್ಕಳು ಬಂದು ನಮ್ಮ ಜಿಲ್ಲೆಯ ಹುಲ್ಲಿನ ಮೇಲೆ ಆಡಿದರು. ನಾನು ಅಕಾಡೆಮಿಯನ್ನು ಬೈಯುತ್ತಿಲ್ಲ, ಅದು ಒಳ್ಳೆಯ ಕೆಲಸ. ಆದರೆ ಸಿರುಗುಪ್ಪದ ಹುಡುಗ ಅಲ್ಲಿಯ ಟ್ರಯಲ್ಸಿಗೆ ಹೋದರೆ ಅವನ ಕೈಯಲ್ಲಿ ಏನಿರುತ್ತೆ? ನಾಕೌಟಿನಲ್ಲಿ ಆಡಿದ ಒಂದು ಮ್ಯಾಚು. ಪಕ್ಕದಲ್ಲಿ ನಿಂತ ಮಣಿಪುರದ ಹುಡುಗ ಚಿಕ್ಕಂದಿನಿಂದ ಮ್ಯಾಚ್ ಆಡಿಕೊಂಡೇ ಬೆಳೆದಿರುತ್ತಾನೆ. ಆಯ್ಕೆ ಆಗದಿದ್ದರೆ “ನಮ್ಮ ಕಡೆ ಹುಡುಗರಿಗೆ ಪ್ರತಿಭೆ ಇಲ್ಲ” ಅಂತ ಷರಾ ಬರೆಯುವುದು ಸುಲಭ. ಬಿತ್ತದೇ ಬೆಳೆ ಬರಲಿಲ್ಲ ಅಂದಂಗಾಯ್ತು.

ಸರಿ, ಏನು ಮಾಡಬೇಕು? 2021ರಲ್ಲಿ ವಿಜಯನಗರ ಬೇರೆಯಾದ ಮೇಲೆ ನಮ್ಮ ಜಿಲ್ಲೆಯಲ್ಲಿ ಉಳಿದಿದ್ದು ಐದು ತಾಲೂಕು. ಬಳ್ಳಾರಿ ನಗರಕ್ಕೆ ಮೂರು ತಂಡ, ಸಿರುಗುಪ್ಪಕ್ಕೆ ಎರಡು, ಕುರುಗೋಡು, ಕಂಪ್ಲಿ, ಸಂಡೂರಿಗೆ ಒಂದೊಂದು. ಒಟ್ಟು ಎಂಟು. 1897ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಕೂತಿದ್ದೂ ಎಂಟೇ ಕ್ಲಬ್ಬು ಅಲ್ವಾ? ವಾರಕ್ಕೆ ನಾಲ್ಕು ಮ್ಯಾಚು, 14 ವಾರ. ನವೆಂಬರ್ ಮೊದಲ ಭಾನುವಾರ ಶುರು ಮಾಡಿದರೆ ಫೆಬ್ರವರಿ ಮೊದಲರ್ಧಕ್ಕೆ ಮುಗೀತು.

ಆಕ್ಷೇಪಣೆಗಳು ಬರುತ್ತವೆ, ಗೊತ್ತು.

“ಬಳ್ಳಾರಿ ಬಿಸಿಲಿಗೆ ಫುಟ್‌ಬಾಲಾ?” ನಮ್ಮೂರಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನೋ ಜೋಕು ನನಗೂ ಗೊತ್ತು. ಅದಕ್ಕೇ ನವೆಂಬರ್‌ನಿಂದ ಫೆಬ್ರವರಿ ಅಂದಿದ್ದು. ಬೆಳಗ್ಗೆ ಏಳಕ್ಕೆ ಆಡಿ.

“ಭತ್ತದ ಕೊಯ್ಲು ಅದೇ ಟೈಮಲ್ಲಿ.” ಒಪ್ಪಿದೆ. ಆ ವಾರಗಳಲ್ಲಿ ಸಿರುಗುಪ್ಪ, ಕಂಪ್ಲಿಯವರ ಮ್ಯಾಚು ಮುಂದೂಡಿ. ಎಂಟು ತಂಡದ ವೇಳಾಪಟ್ಟಿ ತಿದ್ದುವುದು ಒಂದು ಎಕ್ಸೆಲ್ ಶೀಟಿನ ಕೆಲಸ. ಬೇಕಾದರೆ ನಾನೇ ಮಾಡಿಕೊಡುತ್ತೇನೆ, ಪುಕ್ಕಟೆ.

“ದುಡ್ಡು?” ಚೆಂಡು, ಸುಣ್ಣದ ಗೆರೆ, ರೆಫರಿಗೆ ಗೌರವಧನ, ಕುರುಗೋಡಿನಿಂದ ಬಳ್ಳಾರಿಗೆ ಟೆಂಪೋ ಬಾಡಿಗೆ. ಒಂದು ಟೂರ್ನಮೆಂಟಿನ ಶಾಮಿಯಾನ, ಫ್ಲೆಕ್ಸು, ಶಾಲು-ಹಾರದ ಖರ್ಚನ್ನು ಮೊದಲು ಕೂಡಿಸಿ ನೋಡಿ, ಆಮೇಲೆ ನನ್ನ ಹತ್ತಿರ ದುಡ್ಡಿನ ಮಾತು ತೆಗೀರಿ.

“ಯಾರು ನೋಡ್ತಾರೆ?” ಮೊದಲ ವರ್ಷ ಆಟಗಾರರ ಅಪ್ಪ, ಅಣ್ಣ, ಮಾವ ನೋಡ್ತಾರೆ. ಸಿರುಗುಪ್ಪ–ಕುರುಗೋಡು ಮ್ಯಾಚು ಮೂರನೇ ಸಲ ನಡೆಯುವಾಗ ಹಳೇ ಸೇಡು ಹುಟ್ಟಿರುತ್ತೆ. ನಾಲ್ಕನೇ ಸಲ ಜನ ತಾವಾಗಿಯೇ ಬರ್ತಾರೆ. ಸೇಡು ತೀರಿಸಿಕೊಳ್ಳೋಕೆ ಮುಂದಿನ ಮ್ಯಾಚು ಇದೆ ಅನ್ನೋದೇ ಲೀಗಿನ ಮಜಾ.

ಜಿಲ್ಲಾ ಸ್ಟೇಡಿಯಂಗೆ ಹೊಸ ಫ್ಲಡ್‌ಲೈಟ್, ಸಿಂಥೆಟಿಕ್ ಟ್ರ್ಯಾಕ್, ಅದಕ್ಕೊಂದು ಶಂಕುಸ್ಥಾಪನೆ... ಇವೆಲ್ಲ ಬೇಡ ಅನ್ನುತ್ತಿಲ್ಲ. ಆಮೇಲೆ ಕೊಡಿ. ಮೊದಲು ಒಂದು ಹಾಳೆ ಕೊಡಿ. ಅದರಲ್ಲಿ ಎಂಟು ತಂಡಗಳ ಹೆಸರು, 56 ತಾರೀಖು ಇರಲಿ. ಆ ತಾರೀಖು ಶಾಸಕರ ಬರ್ತ್‌ಡೇಗೂ ಬದಲಾಗಬಾರದು, ಅಷ್ಟೇ.

ಬೇರೆ ಬೇರೆ ಜಿಲ್ಲೆಯ ಬ್ಲಾಗಿಗ ಗೆಳೆಯರೇ, ನಿಮ್ಮೂರಿನ ಕಥೆ ಏನು? ಬೆಳಗಾವಿ, ಮಂಗಳೂರು, ಕೋಲಾರದ ಕೆಜಿಎಫ್ ಕಡೆಯವರು ಖಂಡಿತಾ ಬರೀರಿ. ವಾರವಾರ ಲೀಗ್ ಆಡಿದ ಹಿರಿಯರು ನಿಮ್ಮ ಓಣಿಯಲ್ಲಿದ್ದರೆ ಅವರನ್ನು ಮಾತಾಡಿಸಿ, ಹಳೇ ತಂಡಗಳ ಹೆಸರು ಬರೆದಿಡಿ. ಸಾರಂಗಪಾಣಿ ರಾಮನ್ ಹೆಸರು ಮರೆತ ನಾವು ಅವರನ್ನೂ ಮರೆಯೋದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ.