ಕನ್ನಡ ಕೇಳುವುದು ಪಾಲನ್ನು, ಭಿಕ್ಷೆಯನ್ನಲ್ಲ

ಪಾಳಿ ಮುಗಿಸಿದ ಕಾರ್ಮಿಕನಿಗೂ ಅಂಗಡಿ ಬಾಗಿಲೆಳೆದ ವರ್ತಕನಿಗೂ ಇಂದು ಚಿತ್ರಮಂದಿರವೆಂದರೆ ಅಂಗೈಯಲ್ಲಿನ ಮೊಬೈಲೇ ಆಗಿದೆ. ತಿಂಗಳ ಚಂದಾ ತೆರುವವರು ನಾವು. ಯಾವ ಭಾಷೆಯ ಚಿತ್ರವನ್ನು ಕೊಳ್ಳಬೇಕೆಂದು ತೀರ್ಮಾನಿಸುವವರು ಮುಂಬಯಿಯ, ಅಮೆರಿಕೆಯ ಬಂಡವಾಳಗಾರರು. ರಕ್ಷಿತ್ ಶೆಟ್ಟಿಯವರ ಸಂಸ್ಥೆಯ ‘ಏಕಂ’ ಸರಣಿಗೆ ಕೊಳ್ಳುವವರೇ ದೊರೆಯದೆ, 2024ರ ಜುಲೈನಲ್ಲಿ ತಮ್ಮದೇ ಜಾಲತಾಣ ತೆರೆದು 149 ರೂಪಾಯಿಗೆ ತೋರಿಸಬೇಕಾಯಿತು. ಹೆಸರಾಂತ ನಟರ ಗತಿಯೇ ಇದಾದರೆ ಹೆಸರಿಲ್ಲದ ಹುಡುಗರ ಪಾಡೇನು?

ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆನ್ನುವ ಪಂಡಿತರಿದ್ದಾರೆ. ಅವರು ಮೆಚ್ಚುವ ಯೂರೋಪಿನಲ್ಲೇ, 2018ರ ನಿಯಮದಂತೆ, ಇಂಥ ಸಂಸ್ಥೆಗಳ ಪಟ್ಟಿಯಲ್ಲಿ ಶೇಕಡ 30ರಷ್ಟು ಯೂರೋಪಿನ ಕೃತಿಗಳಿರಬೇಕು. ಆಸ್ಟ್ರೇಲಿಯಾ 2025ರ ನವೆಂಬರಿನಲ್ಲಿ ಶಾಸನ ಮಾಡಿ, ಹತ್ತು ಲಕ್ಷಕ್ಕೆ ಮೀರಿ ಚಂದಾದಾರರುಳ್ಳ ಸಂಸ್ಥೆಗಳು ಅಲ್ಲಿನ ಕಾರ್ಯಕ್ರಮ ವೆಚ್ಚದ ಶೇಕಡ 10ನ್ನು, ಇಲ್ಲವೆ ಆದಾಯದ ಶೇಕಡ 7.5ನ್ನು, ಸ್ವದೇಶಿ ಕೃತಿಗಳಿಗೆ ಹಾಕಬೇಕೆಂದು ವಿಧಿಸಿತು. ನಮ್ಮ ಕೇಂದ್ರ ಸರ್ಕಾರದ 2021ರ ನಿಯಮಗಳಾದರೋ ಏನನ್ನು ತೋರಿಸಬಾರದೆಂದು ವಿಚಾರಿಸುತ್ತವೆ. ಯಾವ ಭಾಷೆಗೆ ಎಷ್ಟು ಪಾಲೆಂಬ ಮಾತನ್ನೇ ಎತ್ತುವುದಿಲ್ಲ.

ರಾಜ್ಯ ಸರ್ಕಾರದ ವರಸೆ ನೋಡೋಣ. ಕನ್ನಡ ಚಿತ್ರಗಳಿಗೆ ಸರ್ಕಾರಿ ಓಟಿಟಿ, ಟಿಕೆಟ್ಟಿಗೆ 200 ರೂಪಾಯಿ ಮಿತಿ ಎಂದು 2025ರ ಮಾರ್ಚಿನ ಆಯವ್ಯಯದಲ್ಲಿ ಸಾರಿತು. ಮಿತಿಯ ಆಜ್ಞೆ ಸೆಪ್ಟೆಂಬರಿನಲ್ಲಿ ಹೊರಟಿತು. ಮಲ್ಟಿಪ್ಲೆಕ್ಸ್ ಮಾಲೀಕರು ಹೈಕೋರ್ಟಿಗೆ ಹೋಗಿ ಅದೇ 23ರಂದು ತಡೆಯಾಜ್ಞೆ ತಂದರು. ನೆರೆಯ ಕೇರಳವೋ 2024ರ ಮಾರ್ಚಿನಲ್ಲೇ ‘ಸಿ ಸ್ಪೇಸ್’ ಎಂಬ ಸರ್ಕಾರಿ ವೇದಿಕೆಯನ್ನು ತೆರೆದಿತ್ತು. ಕಲಾವಿದರ ಕ್ಷೇಮನಿಧಿಗೆಂದು ಟಿಕೆಟ್ಟು, ಚಂದಾಗಳ ಮೇಲೆ ಶೇಕಡ 2ರವರೆಗೆ ಸೆಸ್ ವಿಧಿಸುವ ಮಸೂದೆಗೆ ನಮ್ಮ ವಿಧಾನಮಂಡಲ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ನಿಧಿ ಬೇಕು, ನಿಜ. ಆದರೆ ಅದರ ಭಾರ ಕಂಪನಿಯ ಲಾಭದ ಮೇಲೆ ಬೀಳಬೇಕೇ, ನೋಡುವವನ ಜೇಬಿನ ಮೇಲೆ ಬೀಳಬೇಕೇ?

ಕಮ್ಮನಹಳ್ಳಿಯಲ್ಲಿ ತಮಿಳು, ತೆಲುಗು, ಮಲೆಯಾಳ ಆಡುವ ಶ್ರಮಜೀವಿಗಳು ನಮ್ಮ ನೆರೆಹೊರೆಯವರು. ನಮ್ಮ ಜಗಳ ಅವರ ಭಾಷೆಯೊಡನೆ ಅಲ್ಲ, ಥೈಲಿಯೊಡನೆ. ಕನ್ನಡ ಚಿತ್ರ ನಿಂತರೆ ಬರಿಯ ಭಾಷೆ ಸೊರಗುವುದಿಲ್ಲ. ದೀಪ ಹಿಡಿಯುವವನ, ಬಟ್ಟೆ ಹೊಲಿಯುವವಳ, ಅಡಿಗೆಯವನ ಕೂಲಿಯೂ ನಿಲ್ಲುತ್ತದೆ.

ಆದಕಾರಣ ನಮ್ಮ ಒತ್ತಾಯ ಮೂರು. ಒಂದು, ಪಾಲನ್ನು ಪಟ್ಟಿಯಲ್ಲಿ ಎಣಿಸದೆ ವೆಚ್ಚದಲ್ಲಿ ಎಣಿಸಬೇಕು. ಪಟ್ಟಿಯನ್ನಾದರೆ ಅಗ್ಗದ ಡಬ್ಬಿಂಗಿನಿಂದ ತುಂಬಿಬಿಡುತ್ತಾರೆ. ಎರಡು, ಆ ಹಣ ಇಲ್ಲಿಯೇ ತಯಾರಾದ ಮೂಲ ಕನ್ನಡ ಕೃತಿಗಳಿಗೆ ಸಲ್ಲಬೇಕು. ಮೂರು, ಇದರ ನೆಪದಲ್ಲಿ ಚಂದಾ ಏರಿಸಕೂಡದು.

ಶಾಸನ ಮಾಡಬೇಕಾದದ್ದು ದೆಹಲಿ. ದೆಹಲಿಯನ್ನು ಎಚ್ಚರಿಸಬೇಕಾದವರು ನಾವು. ಶಾಂತವೇರಿ ಗೋಪಾಲಗೌಡರ ಹಾದಿಯವರಾದ ನಮಗೆ ಭಾಷೆ, ಕೂಲಿ ಎರಡೂ ಒಂದೇ ಹೋರಾಟ. ಮತ ಕೇಳಲು ಬರುವ ಲೋಕಸಭಾ ಸದಸ್ಯರನ್ನು ಕಾರ್ಮಿಕ ಬಂಧುಗಳೂ ವರ್ತಕ ಮಿತ್ರರೂ ಈ ಮೂರನ್ನೇ ಕೇಳಲಿ.