ಸದ್ದಿಲ್ಲದೆ ಏರಬೇಕಾದ ಶಿರೋಲಿ

ದಾಂಡೇಲಿ ಎಂದೊಡನೆ ನೆನಪಾಗುವುದು ಕಾಗದದ ಕಾರ್ಖಾನೆ, ಇಲ್ಲವೇ ಕಾಳಿ ನದಿಯ ದೋಣಿಯಾಟ. ರಜೆಗೆ ಬಂದ ವಿದ್ಯಾರ್ಥಿಗಳೂ ಅಷ್ಟಕ್ಕೇ ತೃಪ್ತರಾಗಿ ಮರಳುತ್ತಾರೆ. ಅಲ್ಲಿನ ಕಾಡಿನಲ್ಲಿ ಶಿರೋಲಿ ಎಂಬ ಶಿಖರವಿದೆಯೆಂದು ಬಲ್ಲವರು ಕಡಿಮೆ.

ಮುಳ್ಳಯ್ಯನಗಿರಿ, ಕುದುರೆಮುಖಗಳ ಮುಂದೆ ಇದು ಚಿಕ್ಕದೇ. ತುದಿಯಿಂದ ಸಹ್ಯಾದ್ರಿಯ ಸಾಲು ಕಾಣುತ್ತದೆ, ನಿಜ. ಆದರೆ ಇಲ್ಲಿ ತುದಿಗಿಂತ ದಾರಿಯೇ ದೊಡ್ಡದು. ಇದು ಮಂಗಟ್ಟೆ ಹಕ್ಕಿಗಳ ಸೀಮೆ. ಚಳಿ ಇಳಿಯುವ ಹೊತ್ತಿಗೆ ಹೆಣ್ಣು ಮಂಗಟ್ಟೆ ಹಳೆಯ ಮರದ ಪೊಟರೆ ಹೊಕ್ಕು, ಹಿಕ್ಕೆ, ಹಣ್ಣಿನ ತಿರುಳುಗಳಿಂದ ಬಾಗಿಲು ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಅತ್ತಿ, ಆಲದ ಹಣ್ಣು ನುಂಗಿ ತಂದು, ಒಂದೊಂದಾಗಿ ಕಕ್ಕಿ ಉಣಿಸುವುದು ಗಂಡಿನ ಪಾಲು. ತಿಂಗಳುಗಟ್ಟಲೆ ಇದೇ ದುಡಿಮೆ. ಮರದಡಿ ಗದ್ದಲವೆದ್ದರೆ ಅದು ಹತ್ತಿರ ಸುಳಿಯದು. ತಾಯಿ ಮರಿಗಳಿಗೆ ಉಪವಾಸ. ಹಾಡಿನ ಪೆಟ್ಟಿಗೆ ಮನೆಯಲ್ಲೇ ಇರಲಿ, ಶಿಳ್ಳೆಯೂ ಬೇಡ.

ದಾಂಡೇಲಿಯ ಕಾಡು 1956ರಲ್ಲಿ ಅಭಯಾರಣ್ಯವಾಯಿತು, 2007ರಲ್ಲಿ ಹುಲಿ ಯೋಜನೆಗೆ ಸೇರಿತು. 2015ರಿಂದ ಅದಕ್ಕೆ ಕಾಳಿ ನದಿಯದೇ ಹೆಸರು. ಹಾಗಾಗಿ ಅರಣ್ಯ ಇಲಾಖೆಯ ಅನುಮತಿ, ದಾರಿ ಬಲ್ಲವರ ಜೊತೆ ಇಲ್ಲದೆ ಹೊರಡುವಂತಿಲ್ಲ. ಅಂಬಿಕಾನಗರದ ರಸ್ತೆಯಲ್ಲಿರುವ ಕುಳಗಿ ನಿಸರ್ಗ ಶಿಬಿರದಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ಈ ಕಟ್ಟುಪಾಡು ಹುಡುಗರಿಗೆ ಕಿರಿಕಿರಿ ಎನಿಸೀತು. ಮನೆಯಲ್ಲಿ ಕಾದು ಕೂರುವ ತಂದೆತಾಯಿಗೆ ಅದೇ ಧೈರ್ಯ.

ಗಟ್ಟಿ ಬೂಟು, ಬುತ್ತಿ, ಸಾಕಷ್ಟು ನೀರು ಜೊತೆಗಿರಲಿ. ಖಾಲಿ ಪೊಟ್ಟಣಗಳು ಚೀಲದಲ್ಲೇ ಹಿಂದಿರುಗಲಿ. ನವೆಂಬರ್, ಡಿಸೆಂಬರ್ ತಿಂಗಳುಗಳೇ ಲೇಸು: ಮಳೆಗಾಲದ ಉಂಬಳಗಳ ಕಾಟ ತಗ್ಗಿರುತ್ತದೆ, ಮಂಗಟ್ಟೆ ಪೊಟರೆ ಹೊಗುವ ಕಾಲವೂ ಇನ್ನೂ ಬಂದಿರುವುದಿಲ್ಲ.